ಏಳನೆಯ ಹೆಸರು

ಶಾಖೆ ತೆರೆಯಬೇಕಾದರೆ ಏಳು ಜನ ಪದವೀಧರೆಯರು ಇರಲೇಬೇಕು. ಓದಿದ ಕರಿಯ ಹೆಂಗಸರ ಸೋದರಿ ಸಂಘದ ನಿಯಮ ಅದು. ಅಲಬಾಮದ ಆ ಹತ್ತಿಯ ಊರಿನಲ್ಲಿ ಶಾಲಾ ಶಿಕ್ಷಕಿ ಓರ್ಲೀನ್ ಟಾಲ್ಬರ್ಟ್ ಸೇರಿದಂತೆ ಉಳಿದಿದ್ದವರು ಆರೇ. ಏಳನೆಯವಳು ಆಲ್ಮೀಟಾ ಹಿಂದಿನ ತಿಂಗಳು ಹೆರಿಗೆ ನೋವಿನಲ್ಲಿ ತೀರಿಕೊಂಡಿದ್ದಳು. ಊರಿನ ಆಸ್ಪತ್ರೆ ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹತ್ತಿಯ ಲಾರಿಯಲ್ಲಿ ಮಲಗಿಸಿ, ಕರಿಯರ ಆಸ್ಪತ್ರೆಯಿದ್ದ ಮಾಂಟ್‌ಗೊಮರಿಗೆ ಒಯ್ಯುವಾಗ, ದಾರಿಯಲ್ಲೇ, ಓರ್ಲೀನಳ ತೊಡೆಯ ಮೇಲೆ ಪ್ರಾಣ ಹೋಗಿತ್ತು.

ಬಸುರಿಯರಿಗೆಂದು ಒಂದು ಕಾರು ಇಡೋಣ, ಅದಕ್ಕಾಗಿ ಶಾಖೆ ಕಟ್ಟೋಣ ಎಂದು ಎಲ್ಲರ ತಲೆ ತಿಂದವಳೇ ಆಲ್ಮೀಟಾ. ಶಾಖೆಯಿಲ್ಲದೆ ಕೇಂದ್ರ ಸಂಘ ಕಾರು ಕೊಡದು. ಓರ್ಲೀನ್ ಅವಳ ಸಾವನ್ನು ಕೇಂದ್ರಕ್ಕೆ ತಿಳಿಸದೆ ಬಾಯಿಗೆ ಬೀಗ ಹಾಕಿಕೊಂಡಳು. ಅದು ತಪ್ಪೆನ್ನುವವರು ಆ ಲಾರಿಯಲ್ಲಿ ಕೂತು ಬರಬೇಕಿತ್ತು.

ಶಾಖೆ ತೆರೆಯುವ ವಿಧಿಗೆಂದು ಭಾನುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಬಿಳಿ ಉಡುಪು ತೊಟ್ಟು ಎಲ್ಲರೂ ಸೇರಿದರು. ಹೊರಗಿನವರು ನೋಡಬಾರದೆಂದು ಬಾಗಿಲಿಗೆ ಅಗಳಿ ಹಾಕಿದರು.

"ಆಲ್ಮೀಟಾಗೆ ಹುಷಾರಿಲ್ಲ ಅಂತೀನಿ. ನೀವೆಲ್ಲ ಸುಮ್ನಿರಿ," ಎಂದು ಪಿಸುಗುಟ್ಟಿದಳು ಓರ್ಲೀನ್.

"ನಾವು ಸುಮ್ನಿರ್ತೀವಿ. ಅವಳಿರ್ತಾಳಾ? ಬದುಕಿದ್ದಾಗ್ಲೇ ಸುಮ್ನಿದ್ದೋಳಲ್ಲ," ಎಂದಳು ಗೆಳತಿ ಯೂಡೋರಾ.

ಕೇಂದ್ರದಿಂದ ಬಂದಿದ್ದ ಮುದುಕಿ ಮಿಸೆಸ್ ಹೈಟವರ್ ಮೇಣದಬತ್ತಿ ಹಿಡಿದು ಒಬ್ಬೊಬ್ಬರ ಹೆಸರು ಕರೆದಳು. ಹೆಸರು ಬಂದವಳು "ಸೇವೆಗೆ ಬಂದಿದ್ದೀನಿ" ಎನ್ನಬೇಕು. ಆರು ಜನರೂ ಅಂದರು; ಮುದುಕಿ ಒಬ್ಬೊಬ್ಬರಿಗೂ ಒಂದೊಂದು ಬತ್ತಿ ಹಚ್ಚಿದಳು.

"ಆಲ್ಮೀಟಾ ಪ್ರೂಯಿಟ್."

ಓರ್ಲೀನ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ದನಿ ಬಂತು. "ಸೇವೆಗೆ ಬಂದಿದ್ದೀನಿ." ಏದುಸಿರು ಬಿಡುತ್ತಿದ್ದ, ಲಾರಿಯಲ್ಲಿ ಕೇಳಿದ್ದ ಅದೇ ದನಿ. ಹಿಂದಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಯೂಡೋರಾ ಎದೆ ಹಿಡಿದುಕೊಂಡು ಕುಸಿದು ಕೂತಳು.

 ಇನ್ನು ಸುಳ್ಳು ಹೇಳಲು ಓರ್ಲೀನಳಿಂದಾಗಲಿಲ್ಲ. "ಮೇಡಂ, ಅವಳು ಸತ್ತೋಗಿದ್ದಾಳೆ. ಊರಿನ ಆಸ್ಪತ್ರೆ ಸೇರಿಸ್ಕೊಳ್ಲಿಲ್ಲ. ನಾವು ಆರೇ ಜನ. ನಿಮ್ಮಿಂದ ಮುಚ್ಚಿಟ್ಟೆ."

ಮುದುಕಿ ಕೈಯ ಬತ್ತಿಯನ್ನು ಮೇಲೆತ್ತಿ ಹಿಡಿದಳು. "ಮತ್ತೆ ಈಗ ಓಗೊಟ್ಟೋರ್ಯಾರಮ್ಮಾ?"



ಮುದುಕಿ ಹಿಂದಿನ ಸಾಲಿನವರೆಗೂ ನಡೆದು ನೋಡಿ ಬಂದಳು. "ಕರೆದಾಗ ಓಗೊಟ್ಟೋಳು ಹಾಜರು. ನಮ್ಮ ನಿಯಮ ಅಷ್ಟೇ ಹೇಳೋದು. ಬಾಗಿಲಿಗೆ ಬಂದೋಳನ್ನ ವಾಪಸ್ ಕಳ್ಸೋಕೆ ನಾನೇನು ಆ ಆಸ್ಪತ್ರೆಯವಳಾ?" ಎಂದು ಏಳನೆಯ ಬತ್ತಿಯನ್ನೂ ಹಚ್ಚಿದಳು.

ಕಾರು ಬಂತು. ಮೊದಲ ವಾರವೇ ಒಬ್ಬ ಬಸುರಿಯನ್ನು ಮಾಂಟ್‌ಗೊಮರಿಗೆ ಮುಟ್ಟಿಸಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು.

ಮುಂದಿನ ಸಭೆಯಲ್ಲಿ ಹೆಸರು ಕರೆಯುವ ಸರದಿ ಅಧ್ಯಕ್ಷೆ ಓರ್ಲೀನಳದು. ಏಳನೆಯ ಹೆಸರಿಗೆ ಬಂದಾಗ ಹಿಂದಿನ ಸಾಲಿನತ್ತ ನೋಡಿದಳು. ಕರೆದು ಕಾದಳು. ದನಿ ಏರಿಸಿ ಮತ್ತೆ ಕರೆದಳು. ಚರ್ಚಿನ ಮೇಲಂತಸ್ತಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಬಿಡೇ ಓರ್ಲೀನ್," ಎಂದಳು ಯೂಡೋರಾ ಮೆಲ್ಲಗೆ. "ಬಂದ ಕೆಲ್ಸ ಆಯ್ತು. ಹೋದ್ಲು."

ಮಣ್ಣು ಮಾಡಿದ ದಿನ ಒಂದು ಹನಿ ಕಣ್ಣೀರೂ ಹಾಕದಿದ್ದ ಓರ್ಲೀನ್, ಎಲ್ಲರೆದುರು ಗೋಳೋ ಎಂದು ಅತ್ತಳು.