ಧಾರೆ ಸೀರೆಯ ರವಿಕೆ

ನನ್ನ ಹೊಟ್ಟೆ ಹಸಿದು ಗುಡುಗಿದರೆ ಡೊಂಬಿವಿಲಿ ಸ್ಟೇಶನ್ನಿನಲ್ಲಿ ಜನ ಫಾಸ್ಟ್ ಲೋಕಲ್ ಬಂತೆಂದು ಪ್ಲಾಟ್‌ಫಾರ್ಮಿನ ಅಂಚಿಗೆ ನುಗ್ಗುತ್ತಾರೆ. ಹೊಟ್ಟೆ ತುಂಬಿತೋ, ಅದೇ ಹೊಟ್ಟೆ ನನ್ನ ಕೈಯನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಡುತ್ತದೆ. ಹೀಗೆ ಹೊಟ್ಟೆಯ ಮಾತು ಕೇಳಿಕೊಂಡೇ ಜಯಲತಾ ಎಂಬ ನಾನು ಯಾವ ಡಯಟ್ಟೂ ಇಲ್ಲದೆ ಒಂದು ಎಮ್ಮೆಕರುವಿನಷ್ಟು ತೂಕ ಇಳಿಸಿದ್ದೇನೆ. ಠಾಣೆಯಿಂದ ಟಿಟ್ವಾಳಾದವರೆಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಈ ಕತೆ ಕೇಳದವರಿಲ್ಲ.

ಅಂಥವಳ ತಂಗಿಯ ಮಗಳು ಅಶ್ಮಿತಾ, ಹಸಿದು ಹಸಿದು ಠಾಣೆ ಸ್ಟೇಶನ್ನಿನ ಸೇತುವೆಯ ಮೇಲೆ ಕುಸಿದುಬಿದ್ದಳು. ಕಾರಣ ಒಂದು ರವಿಕೆ. ನಮ್ಮಲ್ಲಿ ಧಾರೆ ಸೀರೆ ಗಂಡಿನ ಕಡೆಯಿಂದ ಬರುವುದು ಪದ್ಧತಿ. ಅವಳ ಭಾವೀ ಅತ್ತೆ ಹರಿಣಾಕ್ಷಿ ಸೀರೆಯ ಜೊತೆ ರವಿಕೆಯನ್ನೂ ಹೊಲಿಸಿ ಕಳಿಸಿದ್ದರು. ಹುಡುಗಿಯ ಅಳತೆಗಲ್ಲ, ತಮಗೆ ಬೇಕಾದ ಸೊಸೆಯ ಅಳತೆಗೆ. ಅಂದಿನಿಂದ ಅವಳಿಗೆ ಸೌತೆಕಾಯಿ, ಸೂಪು, ಬಿಸಿನೀರು. ಒಂದಷ್ಟು ದಿನ ತೂಕ ಇಳಿಯುವುದು, ಆಮೇಲೆ ತಡೆಯಲಾರದೆ ಸ್ಟೇಶನ್ ಹೊರಗೆ ನಿಂತು ಸಾಲಾಗಿ ವಡಾಪಾವ್ ನುಂಗುವುದು, ನುಂಗಿ ಅಳುವುದು, ಮತ್ತೆ ಸೌತೆಕಾಯಿ.

ಭಾನುವಾರ ಸಂಜೆ ರವಿಕೆಯನ್ನು ಚೀಲಕ್ಕೆ ತುರುಕಿ, ಅಶ್ಮಿತಾಳನ್ನು ಎಳೆದುಕೊಂಡು ವಾಶಿಯ ಹರಿಣಾಕ್ಷಿಯವರ ಮನೆಗೆ ಹೊರಟೆ. ನನ್ನ ಸಿಟ್ಟಿನ ಕಾವಿಗೆ ಮುಂಬ್ರಾದ ಹತ್ತಿರ ಕಡಲ ಖಾಡಿಯ ನೀರು ಕುದಿಯಿತು. ಕಂಡವರಿದ್ದಾರೆ.

"ಹುಡುಗಿ ಬಿದ್ದದ್ದು ಗೊತ್ತುಂಟಾ ನಿಮಗೆ?" ಕೂರುವ ಮೊದಲೇ ಹರಿಣಾಕ್ಷಿಯವರನ್ನು ಕೇಳಿದೆ.

"ಎಂಥ ಮಾಡುವುದು ಜಯಲತಕ್ಕ, ನಮ್ಮ ಮಗ ಕೀರ್ತನ್ ಸಪೂರ ಅಲ್ವಾ. ಫೋಟೋದಲ್ಲಿ ಜೋಡಿ ಚಂದ ಕಾಣಬೇಕಲ್ಲ."

"ಹಾಗಾದರೆ ಅವನಿಗೆ ತಿನ್ನಿಸಿ ಮಾರಾಯ್ತಿ."

"ದೊಡ್ಡಮ್ಮ, ಜಾನೇ ದೋ ನಾ," ಅಶ್ಮಿತಾ ನನ್ನ ಸೆರಗು ಜಗ್ಗಿದಳು.

ನಾನು ಬಿಡಲಿಲ್ಲ. "ಜನರಿಗೆ ರವಿಕೆ ಹೊಲಿಯುವುದು ಕೇಳಿದ್ದೇನೆ. ನೀವು ರವಿಕೆಗೆ ಜನ ಹೊಲಿಯುತ್ತೀರಲ್ಲ. ಹಸಿವಾದಾಗ ಉಣ್ಣಬೇಕು, ಸಾಕಾದಾಗ ಕೈ ತೊಳೆಯಬೇಕು. ಅನ್ನಕ್ಕೆ ಹೆದರಿದವರು ಕೊನೆಗೆ ಕದ್ದು ತಿನ್ನುತ್ತಾರೆ. ಹೆದರದೆ ತಿಂದವರಿಗೆ ಎಲ್ಲಿ ಸಾಕು ಅಂತ ಮೈಗೇ ಗೊತ್ತಾಗುತ್ತದೆ. ನನ್ನನ್ನು ನೋಡಿ."

ಹರಿಣಾಕ್ಷಿ ನೋಡಿದರು. ಮೇಲಿನಿಂದ ಕೆಳಗಿನವರೆಗೆ, ಸಾವಕಾಶವಾಗಿ ನೋಡಿದರು. ಒಳಗೆ ಹೋಗಿ ತಟ್ಟೆ ತುಂಬ ಪತ್ರೊಡೆ ತಂದಿಟ್ಟರು. ತೆಂಗಿನಕಾಯಿ, ಬೆಲ್ಲ ಹಾಕಿದ ಒಗ್ಗರಣೆ. ಪರಿಮಳ ಕಲ್ಯಾಣ್ ಸ್ಟೇಶನ್ನಿಗೆ ಮುಟ್ಟಿರಬೇಕು.

"ತಿನ್ನಿ."

"ಬೇಡ ಬೇಡ, ನನ್ನದು ಐದು ಗಂಟೆಗೇ ಬಂದ್. ಇನ್ನು ನಾಳೆ ಮಧ್ಯಾಹ್ನದವರೆಗೆ ನೀರು ಮಾತ್ರ."

ಮಾತು ಬಾಯಿಯಿಂದ ಜಾರಿಹೋಗಿತ್ತು.

"ಅದಕ್ಕೇ ಅಲ್ವಾ ಡಯಟ್ ಅನ್ನುವುದು?" ಹರಿಣಾಕ್ಷಿ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

ಅಶ್ಮಿತಾ ನನ್ನನ್ನೇ ದಿಟ್ಟಿಸಿದಳು. "ಆಪ್ ಭೀ, ದೊಡ್ಡಮ್ಮ? ನೀವೂ?"

ನಾನು ಫ್ಯಾನ್ ನೋಡಿದೆ. ಅವಳು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಆತುರವಿಲ್ಲದೆ, ಅಗಿದು ಅಗಿದು ತಿಂದಳು. ನಡುವೆ ಒಮ್ಮೆ ಸುಮ್ಮನೆ ಕೂತಳು, ಇನ್ನೊಂದು ತುಂಡು ತಿಂದಳು, ಉಳಿದದ್ದನ್ನು ಅಲ್ಲಿಯೇ ಬಿಟ್ಟಳು. "ಬಸ್. ಸಾಕು." ಚೀಲದಿಂದ ರವಿಕೆ ತೆಗೆದು ಹರಿಣಾಕ್ಷಿಯವರ ಮಡಿಲಲ್ಲಿಟ್ಟಳು. "ಆಂಟಿ, ಮೇರಾ ನಾಪ್ ಲೇ ಲೋ. ನನ್ನ ಅಳತೆಗೆ ಆಗದಿದ್ದರೆ ಮದುವೆಯೂ ಬೇಡ. ಕೀರ್ತನ್‌ಗೆ ನಾನೇ ಹೇಳ್ತೀನಿ."

ಹರಿಣಾಕ್ಷಿಯವರ ಮುಖ ಬಿಗಿಯಾಯಿತು. ಆದರೂ ಬೆರಳುಗಳು ರವಿಕೆಯನ್ನು ತಿರುವಿ, ಹೊಲಿಗೆಯೊಳಗೆ ಬಿಚ್ಚಲು ಬಟ್ಟೆ ಉಳಿದಿದೆಯೇ ಎಂದು ಹುಡುಕತೊಡಗಿದವು.

ಅಶ್ಮಿತಾ ನನ್ನತ್ತ ತಿರುಗಿದಳು. ಅವಳ ಸಿಟ್ಟು ಈಗ ನನ್ನ ಪಾಲಿಗೆ ಬಂದಿತ್ತು. "ಸಚ್ ಬೋಲೋ. ಎಷ್ಟು ಇಳಿದಿದೆ ನಿಮ್ಮದು?"

"ಇಳಿದಿಲ್ಲ ಮಗಾ," ಅಂದೆ. "ಇಳಿದಷ್ಟೂ ಪ್ರತಿ ಸಲ ತಿರುಗಿ ಬಂದಿದೆ. ನಾನು ಹೇಳಿದ ದಾರಿ ಸುಳ್ಳಲ್ಲ, ಅದರಲ್ಲಿ ನಡೆದಿದ್ದೇನೆ ಅಂದದ್ದು ಸುಳ್ಳು. ಗಡಿಯಾರ ನೋಡಿ ಉಂಡು ಉಂಡು, ಹಸಿವು ಅಂದರೆ ಹೇಗಿರುತ್ತದೆ ಅಂತಲೇ ನನಗೆ ಮರೆತುಹೋಗಿದೆ."