ಅತ್ತಿಗೆ ನಾದಿನಿಯರ ಹಿಂದುಮುಂದು

ಕಾಲು ತೊಳೆದು ಒರೆಸಿಕೊಂಡವರು ಒಣಗಾಲಲ್ಲಿ ಒಳಗೆ ಬರುತ್ತಾರೆ. ಒರೆಸಿಕೊಂಡು ತೊಳೆದವರು ನೆಲವನ್ನೆಲ್ಲ ಒದ್ದೆ ಮಾಡುತ್ತಾರೆ. ಭಗವಂತನ ಸೃಷ್ಟಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಕ್ಕೆ ಅಷ್ಟು ಬೆಲೆಯುಂಟು. ಸೂಕ್ಷ್ಮ ಲೋಕದಲ್ಲಿ ಈ ವ್ಯತ್ಯಾಸವನ್ನು ಅಳೆಯುವ ಲೆಕ್ಕಕ್ಕೆ ಕಮ್ಯುಟೇಟರ್ ಎಂದು ಹೆಸರು. ಭೌತವಿಜ್ಞಾನ ವಿಭಾಗದ ಒಂದೇ ಕೋಣೆಯಲ್ಲಿ ಕೂರುತ್ತಿದ್ದ ಅತ್ತಿಗೆ ನಾದಿನಿಯರು ಮಾತ್ರ ಅದನ್ನು ‘ಹಿಂದುಮುಂದು’ ಎಂದೇ ಕರೆಯುತ್ತಿದ್ದರು.

ಅಂದು ಮಧ್ಯಾಹ್ನ ನಾದಿನಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ. ಅವಳ ಸಿದ್ಧಾಂತದಲ್ಲಿ, ನಡುವಿನ ಹೊತ್ತಿನೊಳಗೆ ಬೆಳಕಿಗೂ ದಾಟಲಾಗದಷ್ಟು ದೂರವಿರುವ ಎರಡು ಘಟನೆಗಳ ನಡುವೆ ಹಿಂದುಮುಂದು ಸೊನ್ನೆಯಾಗಲೇಬೇಕು. ಇಲ್ಲವಾದರೆ ಇಲ್ಲಿ ಕೆಮ್ಮಿದ್ದು ಬೆಳಕಿಗಿಂತ ಮೊದಲೇ ಅಲ್ಲಿ ಕೇಳಿಸಿದಂತೆ. ಅಂಥ ಸಿದ್ಧಾಂತಕ್ಕೆ ಪದವಿ ಯಾರು ಕೊಟ್ಟಾರು? ಬೆಳಿಗ್ಗೆ ಕೊನೆಯ ಸಲ ತಾಳೆ ನೋಡಲು ಕೂತ ಅತ್ತಿಗೆಗೆ ಸೊನ್ನೆ ಬರಲಿಲ್ಲ.

“ಏನೇ ಇದು? ಕಣದ ಪಾಲು ಒಂದು, ಪ್ರತಿಕಣದ ಪಾಲು ಒಂದು. ಸೇರಿ ಎರಡರಷ್ಟಾಗಿ ಕೂತಿದೆ!”

“ಅಯ್ಯೋ ಅತ್ತಿಗೆ, ಅವೆರಡೂ ಒಂದಕ್ಕೊಂದು ಹೊಡೆದು ಹೋಗ್ಬೇಕು!”

“ಹೊಡೆದಾಡೋಕೆ ಅವೇನು ಅತ್ತಿಗೆ ನಾದಿನೀರಾ? ಚೆನ್ನಾಗಿ ಹೊಂದ್ಕೊಂಡಿವೆ.”

ನಾದಿನಿ ತಾನು ಬರೆದುಕೊಟ್ಟ ಹಾಳೆಯನ್ನೂ ಅತ್ತಿಗೆಯ ಲೆಕ್ಕವನ್ನೂ ಪಕ್ಕಪಕ್ಕ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

“ಎರಡನೇ ಸಾಲಿನ ಮೊದಲಲ್ಲಿದ್ದ ಮೈನಸ್ ಎಲ್ಲಿ ಹೋಯ್ತು?”

“ಯಾವ ಮೈನಸ್? ಓ, ಆ ಗೀಟಾ? ಅಂಗಡಿ ಚೀಟೀಲೂ ನೀನು ಹಾಲು, ಸೋಪು, ಪೊರಕೆ ಎಲ್ಲದರ ಮುಂದೂ ಒಂದೊಂದು ಗೀಟು ಎಳೀತೀಯಲ್ಲ. ಇದೂ ಹಾಗೇ ಅಂದ್ಕೊಂಡು ಬಿಟ್ಬಿಟ್ಟೆ.”

“ಅದು ಮೈನಸ್ಸು ಅತ್ತಿಗೆ!”

“ಹಾಗಾದ್ರೆ ಪೊರಕೆ ಮುಂದಿರೋದು?”

“ಅದು ಬರೀ ಗೀಟು.”

“ಸರಿಹೋಯ್ತು! ನಿನ್ನ ಮನಸ್ಸಲ್ಲಿರೋದು ಆ ದೇವರಿಗೇ ಗೊತ್ತಾಗ್ಬೇಕು.”

ಗೊಣಗುತ್ತಲೇ ಅತ್ತಿಗೆ ಮೈನಸ್ ಸೇರಿಸಿದಳು. ಎರಡು ಪಾಲುಗಳೂ ಒಂದನ್ನೊಂದು ತೀರಿಸಿಕೊಂಡು, ಸ್ನಾನ ಮಾಡಿ ಬಂದ ಮಗುವಿನಂತೆ ಸೊನ್ನೆಯೊಂದು ಹಾಳೆಯ ಮೇಲೆ ಕೂತಿತು. ಇಬ್ಬರೂ ಗಳಿಗೆ ಹೊತ್ತು ಅದನ್ನೇ ನೋಡಿದರು. ಏನೂ ಇಲ್ಲದಿರುವುದೂ ಒಮ್ಮೊಮ್ಮೆ ದೇವರ ಪ್ರಸಾದವೇ.

ಮಧ್ಯಾಹ್ನ ನಾದಿನಿ ಹಲಗೆಯ ಮೇಲೆ ಅದೇ ಸಾಲನ್ನು ಬರೆದಳು. ಹಿರಿಯ ಪರೀಕ್ಷಕರು ಕನ್ನಡಕ ಏರಿಸಿಕೊಂಡರು.

“ಲೆಕ್ಕ ಸರಿಯಾಗಿದೆ. ಆದ್ರೆ ಮೈನಸ್ ಯಾಕಮ್ಮ ಮೊಳದುದ್ದ?”

“ಮನೇಲಿ ಅತ್ತಿಗೆ ಇದ್ದಾರೆ, ಸರ್.”

ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತಿಗೆ ಎಲ್ಲರಿಗಿಂತ ಮೊದಲು ನಕ್ಕಳು. ಪರೀಕ್ಷಕರು ಆಮೇಲೆ ನಕ್ಕರು. ನಗುತ್ತಲೇ ಸಹಿ ಹಾಕಿದರು.