ಗಾರೆಯಿಲ್ಲದ ಗೋಡೆ

ನಗ್ಲಾ ಮೂರನೆಯ ಮಹಡಿ ಹತ್ತಿ ಒಳಗೆ ಕಾಲಿಟ್ಟಾಗ ಅವಳ ಗೋಡೆ ಇರಲಿಲ್ಲ. ಆಳುಗಳನ್ನು ಹಚ್ಚಿ ಹಳೆಯ ಗಾರೆ ಕೆತ್ತಿಸಿ, ತಂತಿ ಬ್ರಷ್ಷಿನಿಂದ ಉಜ್ಜಿಸಿ ಹೊರತೆಗೆದಿದ್ದ ನೂರು ವರ್ಷದ ಕೆಂಪಿಟ್ಟಿಗೆ ಎಲ್ಲೂ ಕಾಣಲಿಲ್ಲ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಇಪ್ಪತ್ತು ಅಡಿ ಹೊಸ ಗಾರೆ, ಇನ್ನೂ ತೇವ ಆರದೆ, ಶನಿವಾರದ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು.

ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಉಸ್ತಾ ಬಯ್ಯೂಮಿ ಚಹಾ ಕುಡಿಯುತ್ತಿದ್ದರು. ಹನ್ನೊಂದು ವರ್ಷದಿಂದ ಈ ಊರಿನಲ್ಲಿ ನಗ್ಲಾ ವಿನ್ಯಾಸ ಮಾಡಿದ ಕಚೇರಿ, ಮನೆಗಳಿಗೆಲ್ಲ ಗಾರೆ ಮೇಸ್ತ್ರಿ, ಅಂದರೆ ಉಸ್ತಾ, ಅವರೇ. ಈ ಹಳೇ ಹತ್ತಿ ಗೋದಾಮಿನ ಅಟ್ಟವನ್ನು ಜಾಹೀರಾತು ಕಂಪನಿಯೊಂದರ ಕಚೇರಿ ಮಾಡುವ ಕೆಲಸದಲ್ಲಿ ಮಾತ್ರ ಅವರಿಗೆ ಶೌಚಾಲಯದ ಗೋಡೆಗಳಷ್ಟೇ ಸಿಕ್ಕಿದ್ದವು. ಕಳೆದ ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ನಾಳೆ ದೊಡ್ಡ ಜನ ಎಲ್ಲಾ ಬರ್ತಾರಂತೆ," ಎಂದರು ಬಯ್ಯೂಮಿ. "ಗಾರೆಗೆ ಈಗ ಹೇಳ್ತೀರಿ, ಆಗ ಹೇಳ್ತೀರಿ ಅಂತ ಕಾದೆ. ನೀವು ಕೈರೋಗೆ ಹೋದ್ಮೇಲೆ ಅರ್ಥ ಆಯ್ತು. ಕಂಪನಿ ಯಜಮಾನರ ಕೈ ಖಾಲಿ, ಹೇಳೋಕೆ ನಿಮಗೆ ಸಂಕೋಚ. ಭಾವಮೈದುನನ್ನ ಕರ್ಕೊಂಡು ಬಂದು ಎರಡು ದಿನದಲ್ಲಿ ಮುಗಿಸ್ದೆ. ಸುಣ್ಣ, ಮರಳು ಎಲ್ಲಾ ನನ್ನದೇ. ದುಡ್ಡಿನ ಮಾತು ಎತ್ತಬೇಡಿ."

ನಗ್ಲಾ ಗೋಡೆಯ ಹತ್ತಿರ ಹೋಗಿ ಅಂಗೈ ಸವರಿದಳು. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಮೂಲೆ ಗೆರೆ ಎಳೆದಂತೆ ನೇರವಾಗಿತ್ತು. ನಡುಗುವ ಕೈಯಿಂದ ಇದನ್ನು ಹೇಗೆ ಸಾಧಿಸಿದರೋ ಅವರಿಗೇ ಗೊತ್ತು. ಇಷ್ಟು ಒಳ್ಳೆಯ ಗಾರೆಯನ್ನು ಅವಳು ಆವರೆಗೆ ನೋಡಿರಲಿಲ್ಲ. ಅದನ್ನು ಹಾಗೇ ಹೇಳಿದಳು ಕೂಡ. ಮುದುಕರು ತಲೆ ತಗ್ಗಿಸಿ ನಕ್ಕರು.

ಮಧ್ಯಾಹ್ನಕ್ಕೆ ಕಂಪನಿಯ ಯಜಮಾನ ಹಾಜೆಮ್ ಬರುವವನಿದ್ದ. ಹಳೆಯ ಗಾರೆಯಡಿಯ ಈ ಇಟ್ಟಿಗೆಗಾಗಿಯೇ ಅವನು ಈ ಕಟ್ಟಡ ಹಿಡಿದದ್ದು, ನಾಳಿನ ಉದ್ಘಾಟನೆಯ ಆಮಂತ್ರಣ ಪತ್ರದಲ್ಲಿ ಅಚ್ಚಾದದ್ದೂ ಇದರ ಚಿತ್ರವೇ. ಹೇಳದೆ ವಿಧಿಯಿರಲಿಲ್ಲ.

"ಉಸ್ತಾ, ಯಜಮಾನರಿಗೆ ಬರೀ ಇಟ್ಟಿಗೆಯೇ ಬೇಕು. ಅದಕ್ಕೇ ಕೆತ್ತಿಸಿದ್ದು. ದುಡ್ಡಿಲ್ಲದೆ ಅಲ್ಲ. ಅದೇ ಚೆಂದ ಅಂತಾರೆ ಅವರು."

ಬಯ್ಯೂಮಿ ಚಹಾದ ಲೋಟವನ್ನು ನೆಲಕ್ಕಿಟ್ಟರು. ಆಮೇಲೆ ಮೆಲ್ಲಗೆ, "ನೀವು ದೊಡ್ಡ ಮನಸ್ಸಿನವರು ಇಂಜಿನಿಯರಮ್ಮ. ಇನ್ನೊಬ್ಬರ ಮಾನ ಮುಚ್ಚೋಕೆ ಆಡಿದ ಸುಳ್ಳಿಗೆ ಪಾಪ ಇಲ್ಲ," ಎಂದರು.

ಅವಳಿಗೆ ತುಂಬಾ ಆಯಾಸವೆನಿಸಿತು. ಕೆಲಸದ ಆಯಾಸವಲ್ಲ, ವಿವರಿಸಿ ವಿವರಿಸಿ ಆದದ್ದು. ಒಬ್ಬರಿಗೆ ಇಟ್ಟಿಗೆ ಯಾಕೆ ಚೆಂದ ಎಂದು ಹೇಳಬೇಕು, ಇನ್ನೊಬ್ಬರಿಗೆ ಮೇಜು ಯಾಕೆ ಕಿಟಕಿಗೆ ಎದುರಾಗಿರಬೇಕು ಎಂದು. ಈ ಮುದುಕರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಊರಾಚೆ ಅವಳು ಬೆಳೆದ ಮನೆಗೂ ಗಾರೆ ಇರಲಿಲ್ಲ. ಬರುವ ವರ್ಷ ಹಾಕಿಸೋಣ ಎನ್ನುತ್ತಲೇ ಅಪ್ಪ ತೀರಿಕೊಂಡಿದ್ದ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಮ್ಮ ಹೂವಿನ ಚಿತ್ತಾರದ ಹಾಸಿಗೆ ಹೊದಿಕೆಯನ್ನು ಮೊಳೆ ಹೊಡೆದು ಗೋಡೆಗೆ ಕಟ್ಟಿದ್ದಳು. ಫ್ಯಾನಿನ ಗಾಳಿಗೆ ಅದು ಹಾರಿದಾಗಲೆಲ್ಲ ನಗ್ಲಾ ಓಡಿಹೋಗಿ ಅಂಚು ಹಿಡಿದುಕೊಳ್ಳುತ್ತಿದ್ದಳು. ಬರೀ ಇಟ್ಟಿಗೆಯ ಗೋಡೆಯನ್ನು ಈಗಾಗಲೇ ಕೈರೋದ ನಾಲ್ಕು ಕಚೇರಿಗಳಿಗೆ ಕೊಟ್ಟಾಗಿತ್ತು, ಈ ಕಥೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ತೆಗೀಬೇಕು ಉಸ್ತಾ. ಈಗಲೇ," ಎಂದಳು. ಆಳುಗಳನ್ನು ಕರೆಸುತ್ತೇನೆಂದು ಫೋನು ತೆಗೆದಳು.

"ಬೇಡ. ಅವರು ಇಟ್ಟಿಗೆ ಮೂತಿ ಒಡೆದು ಹಾಕ್ತಾರೆ," ಎಂದು ಬಯ್ಯೂಮಿ ಎದ್ದರು. ಲೋಟ ತೊಳೆದಿಟ್ಟು, ಅಂಗಿಯ ತೋಳು ಮಡಚಿ, ಮೂಲೆಯಿಂದಲೇ ಶುರು ಮಾಡಿದರು.

ಹಸಿ ಗಾರೆ ಹೆಚ್ಚು ಹಟ ಮಾಡಲಿಲ್ಲ. ಕರಣೆಯ ಅಂಚು ತಾಗಿದಲ್ಲೆಲ್ಲ ತೊಗಟೆಯಂತೆ ಕಳಚಿ ಬಿತ್ತು. ನಗ್ಲಾ ಇನ್ನೊಂದು ತುದಿಯಿಂದ ಕೆರೆಯತೊಡಗಿದಳು. ಮುದುಕರ ಕೈ ಈಗ ಚೆನ್ನಾಗಿಯೇ ನಡುಗುತ್ತಿತ್ತು.

ಕೊನೆಯ ಬುಟ್ಟಿ ಕೆಳಗಿಳಿಸುವಾಗ ಹಾಜೆಮ್ ಬಂದ. ಇಟ್ಟಿಗೆಯ ಸಂದುಗಳಲ್ಲಿ ಉಳಿದಿದ್ದ ಬಿಳಿ ಕಂಡು ಅವನ ಮುಖ ಅರಳಿತು. ಮೊದಲಿಗಿಂತ ಚೆನ್ನಾಗಿದೆ, ಇನ್ನು ಯಾರೂ ಇದನ್ನು ಮುಟ್ಟಬಾರದು ಎಂದ. ಬಯ್ಯೂಮಿಯ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡ. ನಾಳೆ ಖಂಡಿತ ಬರಬೇಕು ಎಂದು ಹೇಳಿ, ನಗುತ್ತಲೇ ಮೆಟ್ಟಿಲಿಳಿದು ಹೋದ.

ಬಯ್ಯೂಮಿ ಅವನು ಹೋದ ದಾರಿಯನ್ನೇ ನೋಡುತ್ತಾ ನಿಂತಿದ್ದರು.

"ಪಾಪ, ಒಳಗೆ ಎಷ್ಟು ಸಂಕಟವೋ," ಎಂದರು. "ಆದ್ರೂ ಎಷ್ಟು ಚೆನ್ನಾಗಿ ನಗ್ತಾನೆ ನೋಡಿ."

ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಜನ ಬಂದರು. ಗೋದಾಮಿನ ಹಳೇ ಹಲಗೆಗಳಿಂದ ಮಾಡಿಸಿದ್ದ ಉದ್ದ ಮೇಜನ್ನು ಹೊಗಳಿದರು, ತೊಲೆಗಳಿಂದ ಇಳಿಬಿಟ್ಟ ದೀಪಗಳನ್ನು ಕತ್ತೆತ್ತಿ ನೋಡಿದರು. ನಗ್ಲಾ ದಾಸವಾಳದ ಶರಬತ್ತಿನ ಲೋಟ ಹಿಡಿದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಬಯ್ಯೂಮಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಗೋಡೆಗೆ ಬೆನ್ನುಕೊಟ್ಟು ನಿಂತಿದ್ದರು. ಬಾಗಿಲಿಂದ ಬಂದವರ ಕಣ್ಣಿಗೆ ಮೊದಲು ಬೀಳುವ, ಇಟ್ಟಿಗೆ ತೀರಾ ಸವೆದು ಗುಳಿಬಿದ್ದ ಜಾಗ ಅದು. ಸಿಹಿ ತಟ್ಟೆ ಎರಡು ಸಲ ಮುಂದೆ ಹಾದುಹೋದರೂ ಅವರು ಅಲ್ಲಿಂದ ಕದಲಲಿಲ್ಲ. ಕುರ್ಚಿ ಖಾಲಿಯಿದೆ, ಬನ್ನಿ ಎಂದು ನಗ್ಲಾ ದೂರದಿಂದಲೇ ಸನ್ನೆ ಮಾಡಿದಳು. ಅವರು ತಲೆಯಾಡಿಸಿ ಬೇಡವೆಂದರು. ಮೊಣಕೈಗಳನ್ನು ಕೊಂಚ ಅಗಲಿಸಿ ನಿಲುವಂಗಿಯ ತೋಳು ಹರಡಿಕೊಂಡರು. ಅಮ್ಮನ ಆ ಹೊದಿಕೆಯಂತೆ ಅವರು ಗೋಡೆಯನ್ನು ಮರೆಮಾಡುತ್ತಿದ್ದಾರೆಂದು ಆಗ ಅವಳಿಗೆ ತಿಳಿಯಿತು.

ಅವಳು ಲೋಟವನ್ನು ಮೇಜಿನ ಮೇಲಿಟ್ಟು ಜನರನ್ನು ದಾಟಿ ಹೋದಳು. ಅವರ ಪಕ್ಕದಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಂತಳು. ಇಟ್ಟಿಗೆ ತಣ್ಣಗಿತ್ತು. ಬಯ್ಯೂಮಿ ಅವಳತ್ತ ತಿರುಗಲಿಲ್ಲ. ಆ ಜಾಗವನ್ನು ಅವಳಿಗೆ ಬಿಟ್ಟು ಒಂದು ಹೆಜ್ಜೆ ಆಚೆ ಸರಿದು, ಅಲ್ಲಿನ ಇಟ್ಟಿಗೆಗೆ ಅಡ್ಡ ನಿಂತರು.